ಪರ್ಸೆಂಟ್ ಸಿಗೋದು ಕಾಯಿಲೆ ಹೆಸರಿಗಲ್ಲ

ಆಲಮೇಲ ಹತ್ತಿರ ನಮ್ಮದು ನಾಲ್ಕು ಎಕರೆ ಹೊಲ. ಕಬ್ಬು, ತೊಗರಿ. ಐದು ವರ್ಷದಿಂದ ನನಗೆ ರುಮಟಾಯ್ಡ್ ಸಂಧಿವಾತ ಇದೆ. ಮುಂಜಾನೆ ಎದ್ದರೆ ಬೆರಳು ಮಡಚೋದಿಲ್ಲ, ಮೊಣಕಾಲು ಬಾತಿರುತ್ತೆ. "ಈ ವಯಸ್ಸಿಗೆ ವಾತ ಏನೋ ತಮ್ಮಾ?" ಅಂತ ಜನ ನಗತಿದ್ರು. ಕುಡುಗೋಲು ಹಿಡಿಯೋಕೆ ಆಗಲ್ಲ ಅನ್ನೋದನ್ನ ಯಾರಿಗೂ ಹೇಳಲಿಲ್ಲ.

ಅಂಗವಿಕಲರ ಕಾರ್ಡಿಗಾಗಿ ಮೊದಲ ಸಲ ತಪಾಸಣೆಗೆ ಹೋದಾಗ ಫೈಲ್ ತುಂಬ ಗುಳಿಗಿ ಚೀಟಿ ಒಯ್ದಿದ್ದೆ. ಡಾಕ್ಟರು ಅಂದ್ರು: "ಚೀಟಿ ಆಮೇಲೆ ನೋಡೂಣು. ಏನು ಮಾಡಾಕ ಆಗಂಗಿಲ್ಲ, ಅದನ್ನ ತೋರಸ್ರಿ." ನಾನು ಮೊಣಕಾಲು ಅಷ್ಟೇ ತೋರಿಸಿದೆ. ನಾಚಿಕೆಗೆ ಕೈ ಮುಚ್ಚಿಟ್ಟುಕೊಂಡೆ. ಬಂದದ್ದು 30 ಪರ್ಸೆಂಟ್. ಪಿಂಚಣಿಗೆ ಕನಿಷ್ಠ 40 ಬೇಕು.

ಯಾವ ಕಾಯಿಲೆ ಲೆಕ್ಕಕ್ಕೆ ಬರುತ್ತೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಸಿಕಲ್ ಸೆಲ್, ಥಲಸ್ಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ ಅದರಲ್ಲಿವೆ. ಸಂಧಿವಾತದ ಹೆಸರಿಲ್ಲ. ಆದರೆ ಕೀಲು ಬಿಗಿದು ಕೈಕಾಲು ಆಡದಿದ್ದರೆ ಅದು ಚಲನ ವೈಕಲ್ಯ. ಶುಗರ್ ಇದೆ ಅಂದಮಾತ್ರಕ್ಕೆ ಕಾರ್ಡ್ ಸಿಗಲ್ಲ. ಶುಗರ್‌ನಿಂದ ದೃಷ್ಟಿ ಹೋದರೆ, ಕಾಲು ತೆಗೆದರೆ ಆ ನಷ್ಟವನ್ನು ಅಳೆಯುತ್ತಾರೆ. ಕಿಡ್ನಿ ಕಾಯಿಲೆಯೂ ಪಟ್ಟಿಯಲ್ಲಿಲ್ಲ. ಡಯಾಲಿಸಿಸ್ ಬೇಕಾದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಸೌಲಭ್ಯವನ್ನು ಬೇರೆಯಾಗಿ ಕೇಳಬೇಕು.

ಎರಡು ಕಡೆ ತೊಂದರೆ ಇದ್ದರೆ

30 ಮತ್ತು 20 ಸೇರಿದರೆ 50 ಆಗಲ್ಲ. 90ರಲ್ಲಿ 30 ಕಳೆದರೆ 60. ಆ 60ರಿಂದ 20ನ್ನು ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು 30ಕ್ಕೆ ಕೂಡಿಸುತ್ತಾರೆ. ಸುಮಾರು 43 ಆಗುತ್ತೆ. ಅಂದರೆ ಮುಚ್ಚಿಟ್ಟ ಆ 20 ಪರ್ಸೆಂಟೇ ನಿಮ್ಮನ್ನು 40ರ ಗೆರೆ ದಾಟಿಸಬಹುದು.

ಮರುವರ್ಷ ನೋವು ಹೆಚ್ಚಾದ ಮೇಲೆ ಮತ್ತೆ ಅರ್ಜಿ ಹಾಕಿದೆ. ಈ ಸಲ ಹೆಂಡತಿ ಜೊತೆಗೆ ಬಂದಳು. "ಅಂಗಿ ಗುಂಡಿ ಹಾಕೋದೂ ನಾನೇ ರೀ" ಅಂತ ಅವಳೇ ಹೇಳಿದಳು. ನನಗೆ ತಲೆ ಎತ್ತೋಕೆ ಆಗಲಿಲ್ಲ. ಡಾಕ್ಟರು ಕೈ ಮುಷ್ಟಿ ಕಟ್ಟಿಸಿದರು, ಬೆರಳು ಎಷ್ಟು ಮಡಚುತ್ತೆ ಅಂತ ಅಳೆದರು. ಸರ್ಟಿಫಿಕೇಟ್‌ನಲ್ಲಿ 43 ಅಂತ ಬಂತು.

ಮಾಡಬೇಕಾದ್ದು

* ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಮೊಬೈಲ್‌ನಲ್ಲೇ ಆಗುತ್ತೆ. ತೊಡಕಾದರೆ ಗ್ರಾಮ ಪಂಚಾಯ್ತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.
* ಎಕ್ಸ್‌ರೇ, ರಕ್ತ ಪರೀಕ್ಷೆ, ಹಳೆಯ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ.
* ಆಗದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ: ಸ್ಪ್ರೇ ಪಂಪ್ ಹೊರೋದು, ಹಾಲು ಕರೆಯೋದು, ಕುಕ್ಕರಗಾಲಲ್ಲಿ ಕೂರೋದು. ಇದ್ದದ್ದು ಇದ್ದಂಗೆ ಹೇಳಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ.
* ಪರ್ಸೆಂಟ್ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಕಾಯ್ದೆಯಲ್ಲೇ ಅವಕಾಶವಿದೆ.
* ಕಾರ್ಡ್ ಬಂದಮೇಲೆ ಪಿಂಚಣಿ ತಾನಾಗಿ ಬರಲ್ಲ. ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ನಾಡಕಚೇರಿಯಲ್ಲಿ ಬೇರೆ ಅರ್ಜಿ ಕೊಡಬೇಕು. ಆದಾಯದ ಮಿತಿಯೂ ಇದೆ.

ರಾಜ್ಯದಲ್ಲಿ 40ರಿಂದ 75 ಪರ್ಸೆಂಟ್ ಒಳಗಿನವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿದ್ದವರಿಗೆ 1,400. ರಿಯಾಯಿತಿ ಬಸ್ ಪಾಸಿಗೂ ಕೇಳಬಹುದು. 800ರಲ್ಲಿ ಸಂಸಾರ ನಡೆಯಲ್ಲ, ನನ್ನ ತಿಂಗಳ ಗುಳಿಗಿ ಬರುತ್ತೆ. ಗುಳಿಗಿ ತಪ್ಪದಿದ್ದರೆ ಹೊಲದ ಕೆಲಸವೂ ಒಂದಿಷ್ಟು ತಪ್ಪಲ್ಲ.

ಬೆಳೆಗೆ ರೋಗ ಬಂದರೆ ಎಲೆ ಕಿತ್ತು ತೋರಿಸ್ತೀವಿ. ನಮ್ಮ ಮೈ ವಿಷಯಕ್ಕೆ ಮಾತ್ರ ಯಾಕೆ ಮುಚ್ಚಿಡಬೇಕು?