ಕೆರೆಗೆ ಇಳಿಯುವ ಹಿಟಾಚಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕೆರೆ ಹೂಳೆತ್ತುವ ಮಾತು ಬಂತೆಂದರೆ ಮೊದಲ ಪ್ರಶ್ನೆ, ‘ಹಿಟಾಚಿ ಗಂಟೆಗೆ ಎಷ್ಟು?’ ಧಾರವಾಡದ ಟಾಟಾ ಹಿಟಾಚಿಯದಾಗಲಿ, ಕೆಜಿಎಫ್‌ನ ಬೆಮೆಲ್‌ನದಾಗಲಿ, ಚೈನಿನ ಮೇಲೆ ಓಡಾಡುತ್ತ ಮಣ್ಣು ಅಗೆಯುವ ಯಂತ್ರವೆಲ್ಲ ಇಲ್ಲಿ ಹಿಟಾಚಿಯೇ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಗೆ ಕೆರೆಯೇ ಆಧಾರ. ಹಾಗಾಗಿ ಅದರೊಳಗೆ ಇಳಿಯುವ ಯಂತ್ರದ ಶಕ್ತಿಯನ್ನೂ ಮಿತಿಯನ್ನೂ ಊರಿನವರು ತಿಳಿದಿರಬೇಕು.

ಮಧ್ಯಮ ಗಾತ್ರದ ಹಿಟಾಚಿ ಸುಮಾರು 21 ಟನ್ ತೂಗುತ್ತದೆ. ಎಂಜಿನ್ 150 ಅಶ್ವಶಕ್ತಿಯ ಆಸುಪಾಸು. ಅಷ್ಟರಿಂದಲೇ ಗಟ್ಟಿ ನೆಲ ಬಗೆಯುವ ಬಲ ಹೇಗೆ ಬಂತು? ಎಂಜಿನ್ ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಸಿಲಿಂಡರಿಗೆ ತಳ್ಳುತ್ತದೆ. ಆ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 350 ಕೆಜಿಯವರೆಗೆ ಏರಬಲ್ಲದು. ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲೆಡೆ ಸಮನಾಗಿ ಹರಡುತ್ತದೆ ಎಂದು ಪಾಸ್ಕಲ್ 17ನೇ ಶತಮಾನದಲ್ಲೇ ಕಂಡುಕೊಂಡಿದ್ದ. 12 ಸೆಂ.ಮೀ. ವ್ಯಾಸದ ಸಿಲಿಂಡರಿನಲ್ಲಿ ಆ ಒತ್ತಡ ಸುಮಾರು 40 ಟನ್ ನೂಕುಬಲವಾಗುತ್ತದೆ. ತೋಳಿನ ಸನ್ನೆಯಲ್ಲಿ ಒಂದಿಷ್ಟು ಬಲವನ್ನು ಚಲನೆಗೆ ಬಿಟ್ಟುಕೊಟ್ಟ ಮೇಲೂ ಬಕೆಟ್ಟಿನ ಹಲ್ಲಿಗೆ ಹತ್ತು ಟನ್ನಿಗೂ ಮೀರಿ ಉಳಿಯುತ್ತದೆ.

ಇಷ್ಟು ಭಾರದ ಯಂತ್ರ ಕೆರೆಯಂಗಳದಲ್ಲಿ ಹೂತುಹೋಗದಿರುವುದಕ್ಕೆ ಕಾರಣ ಅಗಲವಾದ ಚೈನು. ತೂಕವೆಲ್ಲ ಹರಡಿಕೊಂಡು ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕೆಜಿಯಷ್ಟೇ. ಒಂಟಿ ಕಾಲ ಮೇಲೆ ನಿಂತ ಮನುಷ್ಯ ನೆಲವನ್ನು ಒತ್ತುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗೆಂದು ಒಳಗಿನ್ನೂ ಹಸಿಯಿರುವ ಜೇಡಿಗೆ ಇಳಿಸುವಂತಿಲ್ಲ. ಬೇಸಿಗೆಯಲ್ಲಿ ಅಂಗಳ ಒಣಗುವವರೆಗೆ ಕಾಯಲೇಬೇಕು.

ಬಕೆಟ್ಟಿನಲ್ಲಿ ಹಿಡಿಯುವುದು ಸುಮಾರು ಒಂದು ಘನಮೀಟರ್ ಮಣ್ಣು. ಅಗೆದು, ತಿರುಗಿ, ಸುರಿದು ಮರಳಲು ಇಪ್ಪತ್ತು ಸೆಕೆಂಡ್ ಸಾಕು. ಅಂದರೆ ಟ್ರ್ಯಾಕ್ಟರ್ ಟ್ರೇಲರ್ ಒಂದೆರಡು ನಿಮಿಷದಲ್ಲೇ ತುಂಬುತ್ತದೆ. ಟ್ರ್ಯಾಕ್ಟರುಗಳು ಸಾಲದಿದ್ದರೆ ಹಿಟಾಚಿ ಸುಮ್ಮನೆ ನಿಂತು ಡೀಸೆಲ್ ಕುಡಿಯುತ್ತದೆ, ಬಾಡಿಗೆಯ ಗಂಟೆ ಮಾತ್ರ ಓಡುತ್ತಿರುತ್ತದೆ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದ ಕೆಂಪು ಮಣ್ಣಿಗೆ ಕೆರೆಗೋಡು ಒಳ್ಳೆಯ ಗೊಬ್ಬರ. ತೋಟದವರು ಟ್ರ್ಯಾಕ್ಟರ್ ತಂದು ಸಾಲುಗಟ್ಟಿದರೆ ಕೆರೆಗೂ ಹೊಲಕ್ಕೂ ಲಾಭ.

ನನ್ನ ಆತಂಕವಿರುವುದು ಆಳದ ವಿಷಯದಲ್ಲಿ. ಈ ಯಂತ್ರ ಆರು ಮೀಟರಿಗೂ ಹೆಚ್ಚು ಆಳಕ್ಕೆ ಕೈ ಚಾಚಬಲ್ಲದು. ಕೈಗೆ ಎಟುಕುತ್ತದೆಂದು ಅಷ್ಟನ್ನೂ ಅಗೆಯುವುದು ತಪ್ಪು. ಹೂಳಿನ ಪದರ ದಾಟಿದರೆ ಕೆರೆ ಅಂಗಳ ಗುಂಡಿಗಳ ಸಾಲಾಗುತ್ತದೆ. ನೀರು ಇಳಿದಾಗ ಮೇಯಲು ಬಂದ ದನಕ್ಕೆ, ಈಜಲು ಬಂದ ಮಕ್ಕಳಿಗೆ ಆ ಗುಂಡಿಯೇ ಸಾವಿನ ಬಾಯಿ. ಏರಿಯ ಬುಡದಲ್ಲಿ ಅಗೆದರೆ ಏರಿಯೇ ದುರ್ಬಲವಾಗುತ್ತದೆ.

ನಿಮ್ಮೂರ ಕೆರೆಗೆ ಹಿಟಾಚಿ ಕರೆಸುವ ಮೊದಲು ನಾಲ್ಕಾರು ಕಡೆ ಗುದ್ದಲಿಯಿಂದ ಅಗೆದು ಹೂಳು ಎಷ್ಟಿದೆ ನೋಡಿ. ಎಂಜಿನಿಯರ್ ಕೈಯಲ್ಲಿ ಆಳ ಗುರುತು ಮಾಡಿಸಿ, ಏರಿಯಿಂದ ಎಷ್ಟು ದೂರ ಬಿಡಬೇಕೆಂದು ಆಪರೇಟರಿಗೆ ತೋರಿಸಿ. ಆಮೇಲೆ ಗಂಟೆಯ ಲೆಕ್ಕ ಮಾತಾಡಿ.