ಮಳಖೇಡ: ಕಲ್ಲಿಗಿಂತ ಪುಸ್ತಕದಲ್ಲಿ ಉಳಿದ ರಾಜಧಾನಿ

ಶಾಲೆಯ ಪ್ರವಾಸವೆಂದರೆ ಮೈಸೂರು, ಬೇಲೂರು, ಹಂಪಿ. ಕನಸು ಇನ್ನೂ ದೊಡ್ಡದಾದರೆ ರೋಮ್, ಇಸ್ತಾಂಬುಲ್‌ನಂಥ ಯುರೋಪಿನ ಹಳೆಯ ರಾಜಧಾನಿಗಳು. ಆದರೆ ಜೇವರ್ಗಿ ತಾಲ್ಲೂಕಿನ ಅಂದೋಲಾದಿಂದ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ನೋಡಿ ಬರಬಹುದಾದ ರಾಜಧಾನಿಯೊಂದು ಇದೇ ಕಲಬುರಗಿ ಜಿಲ್ಲೆಯಲ್ಲಿದೆ. ಅದು ಸೇಡಂ ತಾಲ್ಲೂಕಿನ ಮಳಖೇಡ, ಅಂದಿನ ಮಾನ್ಯಖೇಟ.

ಕ್ರಿ.ಶ. 851ರಲ್ಲಿ ರಚಿತವಾದ, ಅರಬ್ ವರ್ತಕ ಸುಲೇಮಾನನ ಹೆಸರಿನಲ್ಲಿ ಪ್ರಸಿದ್ಧವಾದ ವೃತ್ತಾಂತವು ಜಗತ್ತಿನ ನಾಲ್ವರು ಮಹಾದೊರೆಗಳನ್ನು ಎಣಿಸುತ್ತದೆ. ಒಬ್ಬ ಅರಬರ ಖಲೀಫ, ಮತ್ತೊಬ್ಬ ಚೀನಾದ ಚಕ್ರವರ್ತಿ, ಮೂರನೆಯವನು ಕಾನ್‌ಸ್ಟಾಂಟಿನೋಪಲ್‌ನಿಂದ (ಇಂದಿನ ಇಸ್ತಾಂಬುಲ್) ಆಳುತ್ತಿದ್ದ ರೂಮ್ ಚಕ್ರವರ್ತಿ. ನಾಲ್ಕನೆಯವನು ‘ಬಲ್ಹರಾ’, ಅಂದರೆ ವಲ್ಲಭರಾಜ. ಅದು ರಾಷ್ಟ್ರಕೂಟ ದೊರೆಗಳ ಬಿರುದು. ಆಗ ಮಾನ್ಯಖೇಟದ ಸಿಂಹಾಸನದಲ್ಲಿದ್ದವನು ಅಮೋಘವರ್ಷ ನೃಪತುಂಗ. 814ರಲ್ಲಿ ಪಟ್ಟಕ್ಕೆ ಬಂದಾಗ ಅವನಿನ್ನೂ ಬಾಲಕ. ಆಳಿದ್ದು ಆರು ದಶಕಗಳಿಗೂ ಹೆಚ್ಚು ಕಾಲ.

ಏನು ನೋಡಬಹುದು?

ಇಸ್ತಾಂಬುಲ್‌ಗೆ ಹೋದವರಿಗೆ 537ರಲ್ಲಿ ಪೂರ್ಣಗೊಂಡ ಹಾಗಿಯಾ ಸೋಫಿಯಾ ಇಂದಿಗೂ ತಲೆಯೆತ್ತಿ ನಿಂತಿರುವುದು ಕಾಣುತ್ತದೆ. ಮಳಖೇಡದಲ್ಲಿ ಅಂಥ ಬೆರಗಿಲ್ಲ. ಕಾಗಿಣಾ ನದಿಯ ದಂಡೆಯ ಮೇಲೆ ಕೋಟೆಯ ಗೋಡೆ, ಬುರುಜುಗಳಿವೆ. ಅವೂ ನಂತರದ ಅರಸರ ಕಾಲದಲ್ಲಿ ಬದಲಾವಣೆ ಕಂಡವು. ಊರಿನಲ್ಲಿ ನೇಮಿನಾಥ ಬಸದಿಯಿದೆ, ಉತ್ತರಾದಿ ಮಠವಿದೆ. ನೃಪತುಂಗನ ಅರಮನೆಯನ್ನು ಹುಡುಕಿ ಹೋದವರಿಗೆ ನಿರಾಶೆಯೇ ಗತಿ.

ಕಾರಣ ಇತಿಹಾಸದಲ್ಲಿದೆ. 972ರಲ್ಲಿ ಮಾಳ್ವದ ಪರಮಾರ ದೊರೆ ಸೀಯಕ ನಗರವನ್ನು ಸೂರೆಗೊಂಡ. ಮರುವರ್ಷವೇ ಚಾಲುಕ್ಯ ತೈಲಪನ ಕೈಗೆ ಅಧಿಕಾರ ಹೋಯಿತು. ಮುಂದೆ ರಾಜಧಾನಿ ಕಲ್ಯಾಣಕ್ಕೆ ಸರಿಯಿತು. ರಾಷ್ಟ್ರಕೂಟರ ಶಿಲ್ಪವೈಭವ ನೋಡಬೇಕಾದವರು ಒಂದನೆಯ ಕೃಷ್ಣನ ಕಾಲದ ಎಲ್ಲೋರಾದ ಕೈಲಾಸ ದೇವಾಲಯಕ್ಕೇ ಹೋಗಬೇಕು.

ಓದಿಕೊಂಡು ಹೋಗಿ

ಹಾಗಾದರೆ ಮಕ್ಕಳನ್ನು ಇಲ್ಲಿಗೆ ಕರೆದೊಯ್ಯುವುದೇಕೆ ಎಂದು ಪಾಲಕರು ಕೇಳಬಹುದು. ಉತ್ತರ ಅವರ ಪಾಟೀಚೀಲದಲ್ಲೇ ಇದೆ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ ರೂಪುಗೊಂಡದ್ದು ಈ ಆಸ್ಥಾನದಲ್ಲಿ. ಬರೆದವನು ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಹೊಗಳುವುದೂ ಇದೇ ದೊರೆಯನ್ನು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂದು ಪಿ.ಯು.ಸಿ. ವಿದ್ಯಾರ್ಥಿಗಳು ಲೆಕ್ಕ ಹಾಕುತ್ತಾರಲ್ಲ, ಅದರ ಸಾಮಾನ್ಯ ಸೂತ್ರ ಆ ಗ್ರಂಥದಲ್ಲಿದೆ.

‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆನ್ನುತ್ತದೆ. ಆದರೆ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸುತ್ತದೆಯೇ ಹೊರತು ಮಾನ್ಯಖೇಟವನ್ನಲ್ಲ! ರಾಜಧಾನಿಯ ಮಾತೇ ಶ್ರೇಷ್ಠವೆಂದು ಅದು ಹೇಳಲಿಲ್ಲ. ಕನ್ನಡದಲ್ಲಿ ನಾನಾ ದೇಸಿಗಳಿವೆ, ಅವನ್ನೆಲ್ಲ ಪೂರ್ತಿ ಅರಿಯುವುದು ಸಾಧ್ಯವಿಲ್ಲ ಎಂದೂ ಒಪ್ಪಿಕೊಂಡಿತು. ‘ನಮ್ಮ ಭಾಷಾ ಪುಸ್ತಕದಾಗಿನ ಕನ್ನಡ ಅಲ್ಲ’ ಎಂದು ದೂರದ ಊರಿನ ಕಾಲೇಜಿನಲ್ಲಿ ಬಾಯಿ ಬಿಡಲು ಅಳುಕುವ ಈ ಭಾಗದ ಹುಡುಗ ಹುಡುಗಿಯರು ಕಾಗಿಣಾ ದಂಡೆಯಲ್ಲಿ ನಿಂತು ಕೇಳಬೇಕಾದ ಮಾತಿದು.

ಹೋಗುವುದು ಹೇಗೆ?

ಅಂದೋಲಾದಿಂದ ಜೇವರ್ಗಿ, ಅಲ್ಲಿಂದ ಭೀಮಾ ನದಿ ದಾಟಿ ಕಲಬುರಗಿ. ಅಲ್ಲಿ ಬಹಮನಿ ಕೋಟೆಯೊಳಗಿನ ಜಾಮಿ ಮಸೀದಿಗೆ ಒಂದು ತಾಸು ಕೊಡಬಹುದು. ಅದರ ಶಾಸನದ ವರ್ಷ 1367. ಅಂಗಳವೂ ಸೇರಿ ಇಡೀ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ ಇರುವುದರಿಂದ ಇದನ್ನು ಸ್ಪೇನಿನ ಹಳೆಯ ರಾಜಧಾನಿ ಕಾರ್ಡೋಬಾದ ಮಸೀದಿಗೆ ಹೋಲಿಸುವುದುಂಟು. ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಸಾಗಿದರೆ ಮಳಖೇಡ. ಮಳೆಗಾಲ ಕಳೆದ ಮೇಲೆ, ಬಿಸಿಲು ಏರುವ ಮೊದಲು ಹೋಗುವುದು ಒಳ್ಳೆಯದು. ಬುತ್ತಿ, ನೀರಿನ ಜೊತೆಗೆ ಕನ್ನಡದ ಮೇಷ್ಟ್ರನ್ನೂ ಗಣಿತದ ಮೇಷ್ಟ್ರನ್ನೂ ಕರೆದುಕೊಂಡು ಹೋದರೆ ಪ್ರವಾಸ ಸಾರ್ಥಕ.