ಫೋಟೊ ಎಲ್ಲೂ ಹೋಗಿಲ್ಲ, ಹೆಸರುಗಳು ಹಳೆಯ ಕಂಪ್ಯೂಟರಿನಲ್ಲಿವೆ

ಶಿವಮೊಗ್ಗದ ಕೋಟೆ ಆಸುಪಾಸಿನಲ್ಲಾಗಲಿ, ಭದ್ರಾವತಿಯ ನ್ಯೂಟೌನ್, ಪೇಪರ್‌ಟೌನ್ ಕಡೆಯಾಗಲಿ, ಮನೆಗೆ ಮೊದಲ ಕಂಪ್ಯೂಟರ್ ಬಂದ ಕಾಲದಲ್ಲಿ ಫೋಟೊ ಜೋಡಿಸಿಡಲು ಕೂತವರಲ್ಲಿ ಬಹಳ ಮಂದಿ ಕೂತದ್ದು ಗೂಗಲ್‌ನ ಫೋಟೊ ಸಾಫ್ಟ್‌ವೇರ್ ಪಿಕಾಸಾದ ಮುಂದೆ. ಮದುವೆ, ಜಾತ್ರೆ, ಸಕ್ರೆಬೈಲಿನ ಆನೆ, ಕಾರ್ಖಾನೆಯಿಂದ ನಿವೃತ್ತರಾದ ದಿನದ ಹಾರ ತುರಾಯಿ, ಎಲ್ಲಕ್ಕೂ ಒಂದೊಂದು ಆಲ್ಬಮ್. ಮುಖಮುಖಕ್ಕೂ ಹೆಸರು. ಗೂಗಲ್ 2016ರ ಫೆಬ್ರುವರಿಯಲ್ಲಿ ಪಿಕಾಸಾ ನಿಲ್ಲಿಸುವುದಾಗಿ ಹೇಳಿತು. ಮಾರ್ಚ್ 15ಕ್ಕೆ ಕಂಪ್ಯೂಟರಿನ ಪಿಕಾಸಾಕ್ಕೆ ಬೆಂಬಲ ನಿಂತಿತು. ಆಮೇಲೆ ಜನ ಬೇರೆ ಬೇರೆ ಸಾಫ್ಟ್‌ವೇರ್‌ಗೆ ಹೋದರು. ಹೋದವರೆಲ್ಲರ ದೂರು ಒಂದೇ: ಹೊಸದಕ್ಕೆ ಹಾಕಿದೆ, ಫೋಟೊ ಬಂತು, ಆಲ್ಬಮ್‌ಗಳೆಲ್ಲ ಅಳಿಸಿಹೋದವು.

ಅಳಿಸಿಹೋಗಿಲ್ಲ. ಆಲ್ಬಮ್ ಎನ್ನುವುದು ಫೋಟೊದ ಒಳಗೆ ಯಾವತ್ತೂ ಇರಲೇ ಇಲ್ಲ. ಜಮೀನು ಒಂದೆಡೆ, ಪಹಣಿ ಇನ್ನೊಂದೆಡೆ ಇರುವ ಹಾಗೆ ಚಿತ್ರ ಒಂದು ಕಡತದಲ್ಲಿರುತ್ತದೆ, ಅದು ಯಾವ ಆಲ್ಬಮ್ಮಿಗೆ ಸೇರಿದ್ದು ಎಂಬುದು ಸಾಫ್ಟ್‌ವೇರಿನ ಸ್ವಂತ ಲೆಕ್ಕದಲ್ಲಿರುತ್ತದೆ. ಫೋಟೊದೊಳಗೇ ಬರೆದಿಡಲು ಒಪ್ಪಿತ ಜಾಗಗಳು ಕೆಲವಿವೆ. ಕ್ಯಾಮೆರಾ ತಾನೇ ತುಂಬುವ ದಿನಾಂಕ, ಸಮಯಗಳಿಗೆ ಎಕ್ಸಿಫ್. ಶೀರ್ಷಿಕೆ, ಗುರುತುಪದಗಳಿಗೆ ಪತ್ರಿಕಾ ಜಗತ್ತಿನಿಂದ ಬಂದ ಐಪಿಟಿಸಿ. 2001ರಲ್ಲಿ ಅಡೋಬಿ ತಂದ ಎಕ್ಸ್‌ಎಂಪಿ. ಈ ಜಾಗಗಳಲ್ಲಿ ಬರೆದದ್ದು ಫೋಟೊ ಹೋದಲ್ಲೆಲ್ಲ ಜೊತೆಗೆ ಹೋಗುತ್ತದೆ. ಉಳಿದದ್ದು ಹೋಗುವುದಿಲ್ಲ. ಜೆಪೆಗ್ ಫೋಟೊಗೆ ಪಿಕಾಸಾದಲ್ಲಿ ನೀವು ಬರೆದ ಶೀರ್ಷಿಕೆ ಕಡತದ ಒಳಗೇ ಇದೆ. ನಕ್ಷತ್ರ ಹಾಕಿದ್ದು, ಆಲ್ಬಮ್ ಮಾಡಿದ್ದು, ಬಣ್ಣ ತಿದ್ದಿದ್ದು ಹೊರಗಿವೆ.

ಹೊರಗೆ ಎಂದರೆ ತೀರ ದೂರವೇನಲ್ಲ, ಅದೇ ಫೋಲ್ಡರಿನಲ್ಲಿ. ವಿಂಡೋಸ್‌ನಲ್ಲಿ ಅಡಗಿಸಿಟ್ಟ ಕಡತಗಳನ್ನು ತೋರಿಸುವ ಆಯ್ಕೆಗೆ ಟಿಕ್ ಹಾಕಿ ನೋಡಿ. ಫೋಟೊಗಳ ನಡುವೆ ‘ಡಾಟ್ ಪಿಕಾಸಾ ಡಾಟ್ ಐಎನ್‌ಐ’ ಎಂಬ ಪುಟ್ಟ ಕಡತ ಕಾಣುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಚೌಕ ಕಂಸದೊಳಗೆ ಒಂದು ಫೋಟೊದ ಹೆಸರು. ಅದರ ಕೆಳಗಿನ ಸಾಲಿನಲ್ಲಿ ನಕ್ಷತ್ರ ಇದೆಯೇ ಎಂಬುದು, ಇನ್ನೊಂದರಲ್ಲಿ ಅದು ಯಾವ ಆಲ್ಬಮ್ಮಿಗೆ ಸೇರಿದೆ ಎಂಬ ಸಂಕೇತ, ಮತ್ತೊಂದರಲ್ಲಿ ಮುಖ ಇರುವ ಚೌಕದ ಅಳತೆ ಮತ್ತು ಆ ವ್ಯಕ್ತಿಯ ಗುರುತುಸಂಖ್ಯೆ. ಆ ಸಂಖ್ಯೆ ಯಾರದ್ದು ಎನ್ನುವ ಪಟ್ಟಿ ಪಿಕಾಸಾದ ಸ್ವಂತ ಫೋಲ್ಡರಿನಲ್ಲೂ ಇರುತ್ತದೆ. ನೀವು ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸವೆಲ್ಲ ಸಾದಾ ಅಕ್ಷರಗಳಲ್ಲಿ ಅಲ್ಲೇ ಕೂತಿದೆ.

ಹಾಗಾದರೆ ಕಳೆದುಕೊಳ್ಳುವುದು ಎಲ್ಲಿ? ಕಾಪಿ ಮಾಡುವ ಹೊತ್ತಿನಲ್ಲಿ. “ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೇನೆ” ಎಂಬ ಮಾತನ್ನು ಸುಮ್ಮನೆ ನಂಬಬೇಡಿ. ಇಡೀ ಫೋಲ್ಡರನ್ನು ಎತ್ತಿ ಹಾಕಿದ್ದರೆ ಅಡಗಿದ ಕಡತವೂ ಬಂದಿರುತ್ತದೆ. ಫೋಲ್ಡರಿನ ಒಳಗೆ ಹೋಗಿ ಕಾಣುವ ಫೋಟೊಗಳನ್ನಷ್ಟೇ ಸೆಲೆಕ್ಟ್ ಮಾಡಿ ಕಾಪಿ ಹೊಡೆದಿದ್ದರೆ ಅದು ಹಳೆಯ ಡಿಸ್ಕಿನಲ್ಲೇ ಉಳಿದಿದೆ. ಎರಡು ದಿನ ಬಿಟ್ಟು ಆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿದರೆ, ಅಥವಾ ಗುಜರಿಗೆ ಹಾಕಿದರೆ, ಆಗ ನಿಜವಾಗಿ ಹೋಯಿತು. ಫೋಟೊ ಬಂದಿದೆಯಲ್ಲ ಎಂದು ಸಮಾಧಾನಪಟ್ಟು ಹಳೆಯ ಡಿಸ್ಕ್ ಕೈಬಿಡುವುದಕ್ಕಿಂತ ದೊಡ್ಡ ತಪ್ಪು ಈ ವಿಷಯದಲ್ಲಿ ಇನ್ನೊಂದಿಲ್ಲ.

ಡಿಸ್ಕ್ ಇನ್ನೂ ಇದ್ದರೆ ದಾರಿ ಸುಲಭ. ಬೆಂಬಲ ನಿಂತಿದೆ ಎಂದರೆ ಪಿಕಾಸಾ ಓಡುವುದೇ ಇಲ್ಲ ಎಂದಲ್ಲ. ಮೊದಲೇ ಹಾಕಿಕೊಂಡಿದ್ದ ಪಿಕಾಸಾ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಮೊದಲು ಫೋಟೊಗಳದ್ದೊಂದು ಪೂರ್ತಿ ಪ್ರತಿ ತೆಗೆದಿಡಿ. ಆಮೇಲೆ ಪಿಕಾಸಾ 3.9ರ ಟೂಲ್ಸ್ ಪಟ್ಟಿಯಲ್ಲಿ, ಪ್ರಾಯೋಗಿಕ ಸೌಲಭ್ಯಗಳ ಅಡಿಯಲ್ಲಿ, ಮುಖದ ಹೆಸರುಗಳನ್ನು ಎಕ್ಸ್‌ಎಂಪಿಗೆ ಬರೆಯುವ ಆಯ್ಕೆ ಹುಡುಕಿ. ಅದನ್ನು ಒತ್ತಿದರೆ ಹೆಸರುಗಳು ಫೋಟೊದೊಳಗೆ ಇಳಿಯುತ್ತವೆ, ಉಚಿತವಾಗಿ ಸಿಗುವ ಡಿಜಿಕ್ಯಾಮ್‌ನಂಥ ಸಾಫ್ಟ್‌ವೇರ್ ಅವನ್ನು ಓದಿಕೊಳ್ಳುತ್ತದೆ. ಬಣ್ಣ ತಿದ್ದಿದ ಫೋಟೊಗಳನ್ನು ಸೇವ್ ಮಾಡಿ, ಇಲ್ಲವೇ ಎಕ್ಸ್‌ಪೋರ್ಟ್ ಮಾಡಿ. ಮಾಡದಿದ್ದರೆ ಹೊಸ ಸಾಫ್ಟ್‌ವೇರಿನಲ್ಲಿ ತಿದ್ದದ ಚಿತ್ರವೇ ಕಾಣುತ್ತದೆ. ಆಲ್ಬಮ್‌ಗಳಿಗೆ ನನ್ನ ಸಲಹೆ ಇಷ್ಟೇ: ಪ್ರತಿ ಆಲ್ಬಮ್ಮಿನ ಹೆಸರನ್ನೇ ಅದರ ಫೋಟೊಗಳಿಗೆಲ್ಲ ಗುರುತುಪದವಾಗಿ ಹಾಕಿ. ಯಾವ ಸಾಫ್ಟ್‌ವೇರಿಗೆ ಹೋದರೂ ಹುಡುಕಿದರೆ ಆ ಗುಂಪು ಮತ್ತೆ ಕೂಡುತ್ತದೆ. ಗುರುತುಪದದ ಮಾತು ಬಂದಾಗ ಇನ್ನೊಂದು: 2014ರ ನವೆಂಬರ್ 1ರಂದು ಇಂಗ್ಲಿಷಿನ ಶಿಮೊಗ ಅಧಿಕೃತವಾಗಿ ಶಿವಮೊಗ್ಗವಾಯಿತು. ಇಂಗ್ಲಿಷಿನಲ್ಲಿ ಗುರುತುಪದ ಹಾಕಿದವರಲ್ಲಿ ಊರಿನ ಫೋಟೊಗಳು ಎರಡು ಗುಂಪಾಗಿ ಒಡೆದಿರಬಹುದು. ಸ್ಥಳಾಂತರದ ಹೊತ್ತಿನಲ್ಲೇ ಒಂದು ಮಾಡಿಬಿಡಿ.

ಗೂಗಲ್ ಫೋಟೋಸ್‌ನಿಂದ ಹೊರಬರುವವರಲ್ಲಿ ಇನ್ನೊಂದು ನಂಬಿಕೆ ಇದೆ. ಗೂಗಲ್‌ನದೇ ಡೌನ್‌ಲೋಡ್ ಸೌಲಭ್ಯವಾದ ಟೇಕ್‌ಔಟ್‌ನಲ್ಲಿ ಇಳಿಸಿಕೊಂಡರೆ ಎಲ್ಲವೂ ಕೆಟ್ಟುಹೋಗಿರುತ್ತದೆ ಎಂದು. ಹಾಗೇನಿಲ್ಲ, ಕ್ಯಾಮೆರಾ ಬರೆದ ದಿನಾಂಕ ಫೋಟೊದಲ್ಲಿ ಹಾಗೇ ಇರುತ್ತದೆ. ನೀವು ಗೂಗಲ್ ಫೋಟೋಸ್‌ನಲ್ಲಿ ಕೂತು ಬದಲಿಸಿದ್ದು ಮಾತ್ರ ಪ್ರತಿ ಫೋಟೊದ ಜೊತೆಗೆ ಬರುವ ಜೇಸನ್ ಕಡತದಲ್ಲಿರುತ್ತದೆ. ಇದು ಹೆಚ್ಚು ತಟ್ಟುವುದು ಸ್ಕ್ಯಾನ್ ಮಾಡಿದ ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ. ಅಜ್ಜ ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್ಎಲ್‌ನ ಕುಲುಮೆಯ ಮುಂದೆ ನಿಂತ ಫೋಟೊಗೆ ನೀವು ಕೈಯಾರೆ ಹಾಕಿದ ವರ್ಷ ಜೇಸನ್‌ನಲ್ಲಿದೆ, ಫೋಟೊದಲ್ಲಿ ಸ್ಕ್ಯಾನ್ ಆದ ದಿನವೇ ಇರಬಹುದು. ಎಕ್ಸಿಫ್‌ಟೂಲ್ ಎಂಬ ಉಚಿತ ಉಪಕರಣ ಅದನ್ನು ಒಳಗೆ ಬರೆದುಕೊಡುತ್ತದೆ. ಒಂದು ಎಚ್ಚರಿಕೆ ಬೇಕು: ಜೇಸನ್‌ನಲ್ಲಿರುವುದು ಭಾರತದ ಸಮಯವಲ್ಲ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿನ ಯುಟಿಸಿ. ಉದಾಹರಣೆಗೆ, ಶಿವಮೊಗ್ಗದ ಮಾರಿಕಾಂಬೆಯ ಜಾತ್ರೆಯಲ್ಲಿ ಮಂಗಳವಾರ ಗಾಂಧಿ ಬಜಾರಿನ ತವರುಮನೆಯ ಪೂಜೆ, ಬಳಿಕ ಕೋಟೆಯ ಗದ್ದುಗೆ. ಬುಧವಾರ ನಸುಕಿನ 4 ಗಂಟೆಗೆ ಕೋಟೆಯಲ್ಲಿ ತೆಗೆದ ಫೋಟೊ, ಸಮಯ ತಿದ್ದದೆ ಬರೆದರೆ, ಮಂಗಳವಾರ ರಾತ್ರಿ 10.30ಕ್ಕೆ ಹೋಗಿ ಕೂರುತ್ತದೆ.

ದುರ್ಗಿಗುಡಿಯ ಸ್ಟುಡಿಯೋದವರು ಬಳಸುವ ಲೈಟ್‌ರೂಮ್ ಕೂಡ ಇದಕ್ಕೆ ಹೊರತಲ್ಲ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಎಕ್ಸ್‌ಎಂಪಿಗೆ ತಾನಾಗಿ ಬರೆಯುವ ಆಯ್ಕೆ ಮೊದಲಿಗೆ ಆಫ್ ಆಗಿರುತ್ತದೆ. ಆನ್ ಮಾಡಿದರೂ ಕಲೆಕ್ಷನ್‌ಗಳು, ಅಂದರೆ ಲೈಟ್‌ರೂಮಿನ ಆಲ್ಬಮ್‌ಗಳು, ಅದರಲ್ಲಿ ಬರುವುದಿಲ್ಲ. ಅವು ಇರುವ ಕ್ಯಾಟಲಾಗ್ ಕಡತವನ್ನೇ ಕಾಪಾಡಬೇಕು.

ವಾಟ್ಸ್‌ಆ್ಯಪ್ ಫೋಟೊಗಳ ಕತೆ ಬೇರೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿದಾಗ ಊರವರ ಫೋನಿನಿಂದ ಫೋನಿಗೆ ಓಡಾಡಿದ ಚಿತ್ರಗಳಲ್ಲಿ ಎಕ್ಸಿಫ್ ದಿನಾಂಕವೇ ಇಲ್ಲ, ಕಳಿಸುವಾಗ ಅದು ಕಳಚಿಹೋಗುತ್ತದೆ. ಉಳಿದ ಸುಳಿವು ಕಡತದ ಹೆಸರಿನಲ್ಲಿರುವ ಎಂಟು ಅಂಕೆಗಳು, ಅದೂ ಬಂದು ಸೇರಿದ ದಿನದ್ದು. ಚೆಂದ ಕಾಣಲೆಂದು ಆ ಹೆಸರು ಬದಲಿಸಿದರೆ ಇದ್ದ ಸುಳಿವೂ ಹೋಗುತ್ತದೆ.

ಇತ್ತೀಚೆಗೆ ಕೇಳಿಬರುವ ಮಾತು, “ಹೊಸ ಸಾಫ್ಟ್‌ವೇರ್ ಮುಖ ತಾನೇ ಗುರುತಿಸುತ್ತದೆ, ಹಳೆಯ ಹೆಸರು ಯಾಕೆ?” ಇದು ನನಗೆ ಎಲ್ಲಕ್ಕಿಂತ ನೋವು ಕೊಡುವ ತಪ್ಪು. ಸಾಫ್ಟ್‌ವೇರ್ ಹೇಳಬಲ್ಲದ್ದು ಈ ಎರಡು ಮುಖ ಒಬ್ಬರದ್ದೇ ಎಂದು, ಅವರು ಯಾರು ಎಂದಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ ನಿಂತ ಮೇಲೆ ಪೇಪರ್‌ಟೌನಿನ ಕ್ವಾರ್ಟರ್ಸ್ ಬಿಟ್ಟು ಜನ ದಿಕ್ಕುದಿಕ್ಕಿಗೆ ಹೋದರು. ಗುಂಪುಫೋಟೊದ ಮೂರನೇ ಸಾಲಿನ ಕನ್ನಡಕದವರು ಯಾರೆಂದು ಹೇಳಿದ್ದ ಹಿರಿಯರು ಇಂದು ಇಲ್ಲದಿರಬಹುದು. ಅವರು ಹೇಳಿ ಬರೆಸಿದ ಹೆಸರು ಆ ಪುಟ್ಟ ಐಎನ್‌ಐ ಕಡತದಲ್ಲಿ ಮಾತ್ರ ಇದ್ದರೆ?

ಹೆಸರಿನ ಪಟ್ಟಿಯನ್ನು ವರ್ಡ್‌ನಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿಟ್ಟವರೂ ಇದ್ದಾರೆ. ಶೀರ್ಷಿಕೆಯ ಜಾಗಕ್ಕೆ ಅದನ್ನು ಅಂಟಿಸಿದರೆ ಅರ್ಥವಾಗದ ಚಿಹ್ನೆಗಳು ಬರುತ್ತವೆ. ಪಟ್ಟಿ ಕೆಟ್ಟಿಲ್ಲ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಅಂಟಿಸಿ. ಸಾವಿರ ಫೋಟೊಗೆ ಕೈಹಾಕುವ ಮೊದಲು ಹತ್ತು ಫೋಟೊಗಳ ಪ್ರತಿ ಮಾಡಿಕೊಂಡು ಹೆಸರು, ದಿನಾಂಕ, ಗುರುತುಪದ ತುಂಬಿ, ಆ ಹತ್ತನ್ನು ನಿಮ್ಮ ಸಾಫ್ಟ್‌ವೇರ್ ಇಲ್ಲದ ಬೇರೊಬ್ಬರ ಕಂಪ್ಯೂಟರಿನಲ್ಲಿ ತೆರೆದು, ಪ್ರಾಪರ್ಟೀಸ್‌ನಲ್ಲಿ ಕನ್ನಡದ ಹೆಸರು ಸರಿಯಾಗಿ ಕಾಣುತ್ತದೆಯೇ ನೋಡಿ. ಕಂಡರೆ ಮಾತ್ರ ಉಳಿದವನ್ನು ಶುರುಮಾಡಿ.